ಮದುವೆಯ ಹೂವು, ತೋಟದ ಹಸಿರು



ಅಡಿಕೆ ಧಾರಣೆ, ಕಾಫಿ ಕೊಯ್ಲು, ಬೋರ್ಡೋ ದ್ರಾವಣಗಳ ನಡುವೆ ಮದುವೆ ಹೂವಿನ ವಿಚಾರ ನಮ್ಮ ಪತ್ರಿಕೆಗೆ ಏಕೆ ಬಂತೆಂದು ಕೆಲವರಾದರೂ ಕೇಳಬಹುದು. ಕಾರಣ ಇಷ್ಟೆ. ನಮ್ಮ ಮನೆಗಳ ಮದುವೆಗಳು ಅಂಗಳದ ಚಪ್ಪರ ಬಿಟ್ಟು ಬೆಂಗಳೂರಿನ ಛತ್ರಗಳನ್ನು ಸೇರಿ ಬಹಳ ಕಾಲವಾಯಿತು. ಅಲ್ಲಿ ಹೂವಿನ ಬಾಬ್ತು ಎಂದು ನಾವು ಎಣಿಸಿ ಕೊಡುವ ಹಣದಲ್ಲಿ ಒಂದು ಪಾಲು ಹೂವಿಗೆ ಸಲ್ಲುವುದೇ ಇಲ್ಲ. ಅದು ಸೊಪ್ಪಿಗೆ, ಎಲೆಗೆ, ಬುಟ್ಟಿಗೆ, ಕಟ್ಟುವ ಕೈಗೆ ಸಲ್ಲುತ್ತದೆ. ಆ ಸೊಪ್ಪಿನಲ್ಲಿ ಹಲವು ಬಗೆ ನಮ್ಮ ತೋಟದ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ, ಯಾರ ಕಣ್ಣಿಗೂ ಬೀಳದೆ ಬೆಳೆದು ಒಣಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿಯೂ ನಿಜ.

ಹಿಂದೆ ನಮ್ಮ ಕಡೆಯ ಮದುವೆಗೆ ಹೂವು ಕೊಳ್ಳುವ ಪದ್ಧತಿಯೇ ಕಡಮೆ. ಅಬ್ಬಲಿಗೆ, ಮಲ್ಲಿಗೆ, ಸಂಪಿಗೆ ಹಿತ್ತಲಿನವು. ಸುರಗಿಯ ಕಾಲವಾದರೆ ಸುರಗಿಯ ದಂಡೆ; ಒಣಗಿದರೂ ಪರಿಮಳ ಬಿಡದ ಹೂವದು. ಚಪ್ಪರಕ್ಕೆ ಬಾಳೆಕಂಬ, ಮಾವಿನ ತೋರಣ, ಅಡಿಕೆ ಗೊನೆ, ಹಿಂಗಾರ. ಇದನ್ನೆಲ್ಲ ಕಟ್ಟುವವರು ಕೇರಿಯ ಹೆಂಗಸರೇ. ಈಗ ಆ ಕೇರಿಯ ಮಕ್ಕಳು ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಮನೆ ಮಾಡಿಕೊಂಡಿದ್ದಾರೆ; ಹೂ ಕಟ್ಟುವ ಕೆಲಸ ಒಂದು ವೃತ್ತಿಯಾಗಿದೆ. ಆ ವೃತ್ತಿಯನ್ನು ತಿಳಿಯದೆ ಅದಕ್ಕೆ ಏನನ್ನಾದರೂ ಮಾರುತ್ತೇವೆಂದು ಹೊರಡುವುದು ವ್ಯರ್ಥ.

ಪಶ್ಚಿಮ ಬೆಂಗಳೂರಿನ ಹೂವಿನ ಕೆಲಸ

ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು ಹೊತ್ತು 1949ರಲ್ಲಿ ಆರಂಭವಾದ ರಾಜಾಜಿನಗರ, ಅದಕ್ಕೆ ಅಂಟಿಕೊಂಡ ಬಸವೇಶ್ವರನಗರ, ತೆಂಕಣ ಭಾಗದ ವಿಜಯನಗರ, ಮೈಸೂರು ರಸ್ತೆಯ ಕೆಂಗೇರಿ — ಇವೆಲ್ಲ ಕಾರ್ಖಾನೆ, ಕಚೇರಿಗಳ ನೌಕರರು ಮನೆ ಕಟ್ಟಿಕೊಂಡು ಬೆಳೆಸಿದ ಬಡಾವಣೆಗಳು. ಮಧ್ಯಮ ವರ್ಗದ ಮನೆತನಗಳು ಹೆಚ್ಚು. ಆದ್ದರಿಂದ ಕಲ್ಯಾಣ ಮಂಟಪಗಳೂ ಹೆಚ್ಚು. ಇಲ್ಲಿನ ಹೂವಿನ ಅಂಗಡಿಗಳಿಗೆ ಮೂಲ ಕೃಷ್ಣರಾಜೇಂದ್ರ ಮಾರುಕಟ್ಟೆ. 1921ರಿಂದ ನಡೆದು ಬಂದ ಈ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ಹೂವಿನ ವ್ಯಾಪಾರ ಬಿರುಸಾಗಿರುತ್ತದೆ. ಸೇವಂತಿಗೆ, ಚೆಂಡುಹೂ, ಸುಗಂಧರಾಜ, ಕನಕಾಂಬರ, ಕಾಕಡ ರಾಶಿರಾಶಿಯಾಗಿ ಬಂದು ಬೀಳುತ್ತವೆ. ಉದ್ದ ಕಡ್ಡಿಯ ಗುಲಾಬಿ, ಜರ್ಬೆರಾ, ಕಾರ್ನೇಷನ್ ಮೊದಲಾದವು ಬೆಂಗಳೂರಿನ ಸುತ್ತಲಿನ ಮತ್ತು ಹೊಸೂರು ಕಡೆಯ ಪಾಲಿಹೌಸುಗಳಿಂದ ಬರುತ್ತವೆ.

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳ ಮದುವೆ ವಿಜಯನಗರದ ಛತ್ರವೊಂದರಲ್ಲಿ ನಡೆಯಿತು. ಸೋದರಮಾವನೆಂದ ಮೇಲೆ ಏನಾದರೊಂದು ಜವಾಬ್ದಾರಿ ಇರಲೇಬೇಕಷ್ಟೆ. ನನ್ನ ಪಾಲಿಗೆ ಹೂವು ಬಂತು. ಆ ನೆಪದಲ್ಲಿ ಬಸವೇಶ್ವರನಗರದ ಒಂದು ಹೂವಿನ ಅಂಗಡಿಯಲ್ಲಿ ಎರಡು ದಿನ ಕುಳಿತು ನೋಡುವ ಅವಕಾಶ ಸಿಕ್ಕಿತು. ಅಂಗಡಿ ನಡೆಸುವಾಕೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಹೂ ಕಟ್ಟುವುದನ್ನು ತಾಯಿಯಿಂದ, ಬೊಕೆ ಜೋಡಿಸುವುದನ್ನು ಒಂದು ದೊಡ್ಡ ಅಂಗಡಿಯಲ್ಲಿ ಸಂಬಳಕ್ಕೆ ದುಡಿದು ಕಲಿತವರು.

ಒಂದು ಮದುವೆಗೆ ಅವರು ಬರೆದುಕೊಳ್ಳುವ ಪಟ್ಟಿ ಹೀಗಿರುತ್ತದೆ: ವಧೂವರರ ಹಾರ ಎರಡು ಜೊತೆ, ಒಂದು ಧಾರೆಗೆ, ಒಂದು ಆರತಕ್ಷತೆಗೆ, ಮೊಗ್ಗಿನ ಜಡೆ, ಹೆಂಗಸರ ಮುಡಿಗೆ ಮೊಳದ ಲೆಕ್ಕದಲ್ಲಿ ಮಲ್ಲಿಗೆ, ಮಂಟಪದ ಅಲಂಕಾರ, ಬಾಗಿಲ ತೋರಣ, ಕಾರಿನ ಅಲಂಕಾರ, ಕೊನೆಗೆ ಆರತಕ್ಷತೆಯಲ್ಲಿ ಹುಡುಗಿ ಕೈಯಲ್ಲಿ ಹಿಡಿಯುವ ಹೂಗುಚ್ಛ. ಇವುಗಳಲ್ಲಿ ಹಾರಕ್ಕೂ ಜಡೆಗೂ ಸೊಪ್ಪು ಬೇಕಾಗುವುದು ಅಲ್ಪ. ಮರುಗ, ದವನ, ಪಚ್ಚೆತೆನೆ ಸಾಕು. ಗುಚ್ಛಕ್ಕೂ ಮಂಟಪಕ್ಕೂ ಮಾತ್ರ ಸೊಪ್ಪಿಲ್ಲದೆ ಆಗುವುದೇ ಇಲ್ಲ.

ಮೊಗ್ಗಿನ ಜಡೆಯನ್ನು ಹಿಂದಿನ ರಾತ್ರಿ ಕಟ್ಟುತ್ತಾರೆ. ನಾಲ್ಕು ಹೆಂಗಸರು ಸುತ್ತ ಕುಳಿತು, ಅರಳದ ಮೊಗ್ಗುಗಳನ್ನು ಒಂದೇ ಗಾತ್ರಕ್ಕೆ ಆರಿಸಿ, ಸೂಜಿಯಿಂದ ಪೋಣಿಸಿ, ಸಾಲು ಸಾಲಾಗಿ ಹೊಲಿಯುತ್ತಾರೆ. ಮೊಗ್ಗು ರಾತ್ರಿ ಅರಳಿದರೆ ಕೆಲಸ ಕೆಟ್ಟಿತು. ಅದಕ್ಕೆ ಒದ್ದೆ ಬಟ್ಟೆಯ ತಂಪು ಕೊಡುತ್ತಿರಬೇಕು. ಅವರ ಬೆರಳಿನ ವೇಗ ನಮ್ಮಲ್ಲಿ ಅಡಿಕೆ ಸುಲಿಯುವವರ ವೇಗವನ್ನು ನೆನಪಿಸುತ್ತದೆ. ನಿದ್ದೆಗೆಟ್ಟು ಮಾಡುವ ಈ ಕೆಲಸದ ಕೂಲಿ ಎಷ್ಟೆಂದು ಹೂವಿನ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ.

ಗುಚ್ಛ ಕಟ್ಟುವ ಬಗೆ

ವಧು ಕೈಯಲ್ಲಿ ಗುಚ್ಛ ಹಿಡಿಯುವುದು ನಮ್ಮ ಮೂಲ ಸಂಪ್ರದಾಯವಲ್ಲ. ಅದು ಪಾಶ್ಚಾತ್ಯರಿಂದ ಬಂದದ್ದು. ನಮ್ಮ ನಗರಗಳಲ್ಲಿ ಮೊದಲು ಚರ್ಚಿನ ಮದುವೆಗಳಲ್ಲಿ ಇತ್ತು, ಆಮೇಲೆ ಎಲ್ಲರ ಆರತಕ್ಷತೆಗೂ ಹಬ್ಬಿತು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಯಲ್ಲಿ ಕಿತ್ತಳೆ ಜಾತಿಯ ಹೂವನ್ನು ಮುಡಿದಿದ್ದಳು. ಆ ಮೇಲೆ ಆ ಹೂವು ಇಂಗ್ಲಿಷ್ ವಧುವಿನ ಗುರುತೇ ಆಯಿತು. ಕಾಫಿಯ ನಡುವೆ ಕಿತ್ತಳೆ ಬೆಳೆದ ಕೊಡಗಿನ ಸದಸ್ಯರಿಗೆ ಆ ಹೂವಿನ ಪರಿಮಳವನ್ನು ಹೇಳಿ ತಿಳಿಸಬೇಕಿಲ್ಲ.

ಗುಚ್ಛದ ವಿನ್ಯಾಸವೆಂದರೆ ಕಣ್ಣಿಗೆ ಕಂಡ ಹೂಗಳನ್ನು ಒಟ್ಟಿಗೆ ಹಿಡಿದು ಕಟ್ಟುವುದಲ್ಲ. ಆಕೆ ಹೂವಿನ ಮಾತೆತ್ತುವ ಮೊದಲು ಮೂರು ಪ್ರಶ್ನೆ ಕೇಳಿದರು: ಸೀರೆಯ ಬಣ್ಣ ಮತ್ತು ಅಂಚು ಯಾವುದು, ಹುಡುಗಿಯ ಎತ್ತರ ಎಷ್ಟು, ಎಷ್ಟು ಹೊತ್ತು ಹಿಡಿದು ನಿಲ್ಲಬೇಕು. ಜರಿ ತುಂಬಿದ ಸೀರೆಗೆ ಹತ್ತು ಬಣ್ಣದ ಗುಚ್ಛ ಕೊಟ್ಟರೆ ಎರಡೂ ಕೆಡುತ್ತವೆ. ಬಿಳಿ ಅಥವಾ ಒಂದೇ ಬಣ್ಣ, ಜೊತೆಗೆ ಗಾಢ ಹಸಿರು ಸಾಕು. ಗಿಡ್ಡ ಹುಡುಗಿಗೆ ಕೆಳಕ್ಕೆ ಇಳಿಬೀಳುವ ಗುಚ್ಛ ಒಪ್ಪುವುದಿಲ್ಲ, ದುಂಡಗಿನದು ಚೆನ್ನ. ಎರಡು ಮೂರು ಗಂಟೆ ಹಿಡಿದು ನಿಲ್ಲುವುದಾದರೆ ತೂಕ ಹಗುರವಾಗಿರಬೇಕು.

ಆಮೇಲೆ ಜೋಡಣೆ. ಕಣ್ಣು ಮೊದಲು ಹೋಗಬೇಕಾದ ದೊಡ್ಡ ಹೂವು ಕೆಲವು. ಅದರ ಸುತ್ತ ಸಣ್ಣ ಹೂವು. ಸಂದು ತುಂಬಲು ಜಿಪ್ಸೊಫಿಲಾದಂಥ ಪುಡಿ ಹೂವು. ಇವನ್ನೆಲ್ಲ ಎತ್ತಿ ಹಿಡಿಯಲು ಸೊಪ್ಪು. ಪ್ರತಿ ಕಡ್ಡಿಯನ್ನೂ ಒಂದೇ ಕಡೆಗೆ ಓರೆಯಾಗಿ, ಒಂದರ ಮೇಲೊಂದು ತಿರುಗಿಸುತ್ತ ಇಡಬೇಕು. ಹೀಗೆ ಇಟ್ಟರೆ ಕಟ್ಟಿದ ಜಾಗದಲ್ಲಿ ಸೊಂಟ ಸಣ್ಣದಾಗಿ, ಕೆಳಗೆ ಕಡ್ಡಿಗಳು ಚಕ್ರದ ಅರೆಕಾಲುಗಳಂತೆ ಬಿಚ್ಚಿಕೊಳ್ಳುತ್ತವೆ. ಗುಚ್ಛವನ್ನು ಮೇಜಿನ ಮೇಲೆ ಇಟ್ಟರೆ ಆಸರೆಯಿಲ್ಲದೆ ನಿಲ್ಲುತ್ತದೆ. ನೇರವಾಗಿ ಕಟ್ಟಿದರೆ ಮಧ್ಯದ ಹೂವು ನಜ್ಜುಗುಜ್ಜಾಗುತ್ತದೆ. ಕಟ್ಟಿನ ಕೆಳಗೆ ಒಂದು ಎಲೆಯೂ ಇರಬಾರದು. ನೀರಿನಲ್ಲಿ ಎಲೆ ಕೊಳೆತರೆ ಆ ನೀರೇ ಹೂವಿಗೆ ವಿಷ.

ಕೈಕೆಲಸ ನಡೆಯುತ್ತಿರುವಾಗಲೇ ಆಕೆ ಒಂದು ಮಾತು ಹೇಳಿದರು: "ಸರ್, ಗುಲಾಬಿ ಎಷ್ಟು ಬೇಕಾದ್ರೂ ಸಿಗತ್ತೆ. ಒಂದೇ ಅಳತೆ ಸೊಪ್ಪು ಸಿಗಲ್ಲ. ಒಂದು ವಾರ ಉದ್ದ, ಒಂದು ವಾರ ಗಿಡ್ಡ. ನಿಮ್ಮ ಕಡೆ ಸೊಪ್ಪು ಅಂದ್ರೆ ಗೊಬ್ಬರಕ್ಕೆ ಅಲ್ವಾ? ನಮಗೆ ಅದೇ ದುಡ್ಡು."

ಕಾಫಿ ಹೂವು, ಹಿಂಗಾರದ ಲೆಕ್ಕ

ಹೂವಿನ ಮಾತು ಬಂದಾಗ ಕಾಫಿ ಬೆಳೆಗಾರರಿಗೆ ಮೊದಲು ನೆನಪಾಗುವುದು ಕಾಫಿ ಹೂವೇ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವ ಚೆಂದಕ್ಕೆ ಎಣೆಯಿಲ್ಲ. ಆದರೆ ಎರಡು ಮೂರು ದಿನದಲ್ಲಿ ಬಾಡುವ ಹೂವದು. ಕತ್ತರಿಸಿದರೆ ಅಷ್ಟೂ ಬಾಳದು, ಮೇಲಾಗಿ ವರ್ಷದ ಫಸಲನ್ನೇ ಕತ್ತರಿಸಿದಂತೆ. ಅದನ್ನು ಜೇನಿಗೇ ಬಿಡುವುದು ಲೇಸು.

ಹಿಂಗಾರದ ಪ್ರಶ್ನೆ ಬೇರೆ. ಕರಾವಳಿ ಮಲೆನಾಡಿನ ಮನೆತನಗಳ ಮದುವೆಗೆ ಹಿಂಗಾರ ಬೇಕೇ ಬೇಕೆಂದು ಬೆಂಗಳೂರಿನಲ್ಲಿಯೂ ಕೇಳುವವರಿದ್ದಾರೆ. ಕೆನೆಬಣ್ಣದ ಆ ಎಳೆಗಳನ್ನು ಕಳಸದ ಬಳಿಗೂ ಮಂಟಪದ ಕಂಬಕ್ಕೂ ಇಳಿಬಿಟ್ಟರೆ ಬೇರೆ ಅಲಂಕಾರ ಬೇಡವಾಗುತ್ತದೆ. ಹಾಗೆಂದು ಮರ ಹತ್ತಿಸಿ ಕಡಿಸುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯ ಇಳುವರಿ ಮರವೊಂದಕ್ಕೆ ವರ್ಷಕ್ಕೆ ಸುಮಾರು 3 ಕಿಲೋ ಚಾಲಿ ಎಂದು ಹೇಳುತ್ತಾರೆ. ಮರಕ್ಕೆ ನಾಲ್ಕು ಗೊನೆ ಎಂದು ಹಿಡಿದರೆ ಗೊನೆಯೊಂದಕ್ಕೆ ಮುಕ್ಕಾಲು ಕಿಲೋ. ಕಿಲೋಗೆ 400 ರೂಪಾಯಿ ಧಾರಣೆ ಇದೆಯೆಂದು ಇಟ್ಟುಕೊಂಡರೆ ಒಂದು ಹಿಂಗಾರ ಕಡಿಯುವುದೆಂದರೆ 300 ರೂಪಾಯಿಯ ಗೊನೆಯನ್ನು ಬಿಟ್ಟಂತೆ. ಔಷಧಿ ಹೊಡೆಯುವ, ಕೊಯ್ಯುವ, ಸುಲಿಯುವ ಖರ್ಚನ್ನು ಇದರಲ್ಲಿ ಕಳೆಯಬೇಕು, ಸರಿ. ಆದರೆ ಹಿಂಗಾರಕ್ಕೂ ಮರ ಹತ್ತುವ ಕೂಲಿ, ಕಟ್ಟುವ ಖರ್ಚು, ಬಸ್ಸಿನ ಬಾಡಿಗೆ ಇದ್ದೇ ಇದೆ. ಧಾರಣೆ ಏರಿದಷ್ಟೂ ಹೂವು ಕಡಿಯುವುದು ನಷ್ಟದ ಬಾಬ್ತಾಗುತ್ತದೆ. ಆದ್ದರಿಂದ ಒಳ್ಳೆಯ ಫಸಲಿನ ಮರದ ಹಿಂಗಾರವನ್ನು ಮಾರಾಟಕ್ಕೆಂದು ಕಡಿಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪ್ರತಿ ತೋಟದಲ್ಲಿಯೂ ಕಾಯಿ ಕಚ್ಚದ ಕೆಲವು ಮರಗಳು, ಇನ್ನೊಂದೆರಡು ವರ್ಷದಲ್ಲಿ ಕಡಿಯಬೇಕಾದ ಮುದಿ ಮರಗಳು ಇರುತ್ತವೆ. ಹಿಂಗಾರ ಅವುಗಳಿಂದ ಬರಲಿ.

ಕಡಿಯುವ ಹದವೂ ಮುಖ್ಯ. ಹಾಳೆ ತಾನಾಗಿ ಕಳಚಿ ಬಿದ್ದ ಮೇಲೆ ಹೊಂಬಾಳೆ ಹೊರಗೆ ಕಾಣುತ್ತದೆ. ಅದರ ಹೊದಿಕೆ ಬಿರಿಯುವ ಮೊದಲೇ ಇಳಿಸಬೇಕು. ಕೆಳಕ್ಕೆ ಎಸೆಯಬಾರದು, ಹಗ್ಗದಲ್ಲಿ ಇಳಿಸಬೇಕು. ಪೆಟ್ಟಾದ ಜಾಗ ಕಪ್ಪಾಗುತ್ತದೆ. ಹೊದಿಕೆಯೊಳಗೆ ಇರುವಷ್ಟು ಹೊತ್ತು ಹೂವು ಭದ್ರ. ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿ, ಛತ್ರದಲ್ಲಿಯೇ ಬಿಡಿಸುವುದು ಸರಿಯಾದ ಕ್ರಮ. ಹಿಂಗಾರ ಒಣಗುವ ರೋಗ ತಗುಲಿದ ತೋಟದ್ದನ್ನೂ, ಹೊಸದಾಗಿ ಔಷಧಿ ಹೊಡೆದ ಮರದ್ದನ್ನೂ ಕಳಿಸಕೂಡದು. ಮದುವೆ ಮನೆಯಲ್ಲಿ ಮಕ್ಕಳು ಅದನ್ನು ಮುಟ್ಟುತ್ತಾರೆ ಎಂಬ ಎಚ್ಚರ ಬೇಕು.

ಫಸಲನ್ನಲ್ಲ, ಪಕ್ಕದ್ದನ್ನು

ಹಾಗಾದರೆ ಮಾರುವುದೇನು? ಮರದ ಫಸಲನ್ನಲ್ಲ, ಅದರ ಪಕ್ಕದಲ್ಲಿರುವುದನ್ನು.

ಮೊದಲನೆಯದು ಎಲೆ. ಅಂಗಡಿಯಲ್ಲಿ ನಾನು ಕಂಡ ಸೊಪ್ಪುಗಳು: ಜರೀಗಿಡ, ಡ್ರಸೀನಾ, ಕಾರ್ಡಿಲೈನ್, ಮಾನ್‌ಸ್ಟೆರಾ, ಆಸ್ಪರಾಗಸ್, ಮತ್ತು ಅವರು ಅರೇಕಾ ಎಂದು ಕರೆಯುವ ತಾಳೆಯ ಗರಿ. ಈ ಅರೇಕಾ ನಮ್ಮ ಅಡಿಕೆಯಲ್ಲ, ಮಡಗಾಸ್ಕರ್ ಮೂಲದ ಬೇರೆ ಅಲಂಕಾರ ಗಿಡ. ಹೆಸರು ಕೇಳಿ ಅಡಿಕೆ ಸೋಗೆ ಕಟ್ಟಿ ಕಳಿಸಿದರೆ ಹಿಂದಿರುಗಿ ಬಂದೀತು. ಇವು ಯಾವುವೂ ಬಿಸಿಲು ಬೇಡುವ ಬೆಳೆಗಳಲ್ಲ. ಮರದ ನೆರಳು, ತೇವದ ಮಣ್ಣು ಇದ್ದಲ್ಲಿ ಬೇಲಿಯಂಚಿನಲ್ಲಿಯೇ ಬರುತ್ತವೆ. ಆದರೆ ನೆಟ್ಟು ಬೆಳೆಸಿದ್ದನ್ನು ಮಾತ್ರ ಕೊಯ್ಯಬೇಕು. ಹಳ್ಳದ ದಂಡೆಯ ಕಾಡು ಜರೀಗಿಡ ಮಣ್ಣನ್ನು ಹಿಡಿದು ನಿಂತಿರುತ್ತದೆ. ಮರದ ಮೇಲಿನ ಸೀತಾಳೆ ದಂಡೆ ಕಾಡಿನ ಆಸ್ತಿ. ಸೊಪ್ಪಿನ ಬೆಟ್ಟದ ಹಕ್ಕು ನಮ್ಮ ತೋಟದ ಗೊಬ್ಬರಕ್ಕೆ ದೊರೆತದ್ದೇ ಹೊರತು ಪೇಟೆಯ ವ್ಯಾಪಾರಕ್ಕಲ್ಲ.

ಎರಡನೆಯದು ಆಂಥೂರಿಯಂ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬಂಗಲೆಗಳ ಜಗಲಿಯಲ್ಲಿ ನಮ್ಮ ಹೆಣ್ಣುಮಕ್ಕಳು ಇದನ್ನು ಬಹುಕಾಲದಿಂದ ಪ್ರೀತಿಯಿಂದ ಸಾಕಿದ್ದಾರೆ. ನೂರಕ್ಕೆ 70ರಿಂದ 80ರಷ್ಟು ನೆರಳು, ತೇವದ ಹವೆ, ಬೇರಿಗೆ ಗಾಳಿಯಾಡುವ ತೆಂಗಿನ ಸಿಪ್ಪೆಯ ತುಂಡು — ಇಷ್ಟಿದ್ದರೆ ಹೂ ಬಿಡುತ್ತದೆ. ಹೂವಿನ ನಡುವಿನ ಕಡ್ಡಿ ಬುಡದಿಂದ ಅರ್ಧಕ್ಕಿಂತ ಮೇಲೆ ಬಣ್ಣ ಬದಲಿಸಿದಾಗ ಕೊಯ್ಯಬೇಕು. ಎಳೆಯದನ್ನು ಕೊಯ್ದರೆ ಬಾಡುತ್ತದೆ. ಒಂದು ಮುಖ್ಯ ಸೂಕ್ಷ್ಮ: ಗುಲಾಬಿಯನ್ನು 2ರಿಂದ 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ; ಆಂಥೂರಿಯಂ 12 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಎರಡನ್ನೂ ಒಂದೇ ತಂಪು ಪೆಟ್ಟಿಗೆಯಲ್ಲಿಟ್ಟು, ಮಲೆನಾಡಿನ ಹೂವು ಬಾಳುವುದಿಲ್ಲವೆಂದು ದೂರುವುದುಂಟು. ನಮ್ಮ ಪೆಟ್ಟಿಗೆಯ ಮೇಲೆಯೇ ಇದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕಳಿಸಬೇಕು.

ಮೂರನೆಯದು ಹಾಳೆ. ಮರವೊಂದು ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಅದರಿಂದ ತಟ್ಟೆ ಮಾಡುವ ಉದ್ಯಮ ನಮ್ಮಲ್ಲಿ ಬೆಳೆದಿದೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ಊಟದ ತಟ್ಟೆಗಳ ವಿರುದ್ಧ ಎಚ್ಚರಿಕೆ ನೀಡಿತು; ಹಾಳೆಯ ಅಂಶ ಆಹಾರಕ್ಕೆ ಇಳಿಯಬಹುದೆಂಬುದು ಅದರ ಆಕ್ಷೇಪ. ಹೂವಿಗೆ ಈ ತಕರಾರು ಇಲ್ಲ. ಹೂಗುಚ್ಛಕ್ಕೆ ಸುತ್ತುವ ಪ್ಲಾಸ್ಟಿಕ್ ಹಾಳೆಯ ಬದಲು, ಮೇಜಿನ ಹೂವಿಡುವ ತಟ್ಟೆಯ ಬದಲು ನಮ್ಮ ಅಡಿಕೆ ಹಾಳೆ ಸೊಗಸಾಗಿ ಒಪ್ಪುತ್ತದೆ. ಈಗ ಹೂವು ಚುಚ್ಚಲು ಬಳಸುವ ಹಸಿರು ಸ್ಪಂಜು 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನೋಡಲು ಮಣ್ಣಿನಂತಿದ್ದರೂ ಅದೊಂದು ಪ್ಲಾಸ್ಟಿಕ್, ಕೊಳೆಯುವುದಿಲ್ಲ. ಮದುವೆಯ ಮರುದಿನ ಛತ್ರದ ಹಿಂದೆ ಬಿದ್ದ ರಾಶಿಯಲ್ಲಿ ಹೂವಿನೊಡನೆ ಅದೂ ಬೆರೆತು, ಗೊಬ್ಬರವಾಗಬೇಕಾದದ್ದು ಕಸವಾಗಿ ಹೋಗುತ್ತದೆ. ಹಾಳೆಯ ತೊಟ್ಟಿಯಲ್ಲಿ ಒದ್ದೆ ಪಾಚಿಯನ್ನೋ ತೆಂಗಿನ ನಾರನ್ನೋ ತುಂಬಿ ಹೂವು ಜೋಡಿಸಿದರೆ ಇಡಿಯಾಗಿ ಗುಂಡಿಗೆ ಹಾಕಬಹುದು. ಅಂಗಡಿಯಾಕೆಗೆ ಒಂದು ಹಾಳೆಯನ್ನು ನೆನೆಸಿ ಬಗ್ಗಿಸಿ ತೋರಿಸಿದೆ. ಎರಡು ಕಡೆ ತಿರುಗಿಸಿ ನೋಡಿ, "ಅಳತೆ ಒಂದೇ ಇರಬೇಕು, ಬೂಸು ಇರಬಾರದು ಸರ್. ಹಾಗಿದ್ರೆ ತಗೋತೀನಿ," ಎಂದರು.

ಸಂಘ ಮಾಡಬಹುದಾದದ್ದು

ಒಂದೇ ಅಳತೆ, ಹೇಳಿದ ದಿನ, ಹೇಳಿದಷ್ಟು: ಪೇಟೆ ಕೇಳುವುದು ಇಷ್ಟನ್ನೇ. ಒಬ್ಬ ಬೆಳೆಗಾರ ಇದನ್ನು ಪೂರೈಸಲಾರ. ಅವನ ಹತ್ತು ಕಟ್ಟು ಸೊಪ್ಪಿಗೆ ಬಸ್ಸಿನ ಬಾಡಿಗೆಯೇ ಹೆಚ್ಚಾದೀತು. ಬಾಕಿ ಉಳಿದ ಹಣ ವಸೂಲಿಗೆ ಬೆಂಗಳೂರಿಗೆ ಹೋಗಿ ಬರುವ ಖರ್ಚು ಬೇರೆ. ಸಹಕಾರದ ಕೆಲಸ ಶುರುವಾಗುವುದು ಇಲ್ಲಿಯೇ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಗಿ ಬಡಾವಣೆ ಬಡಾವಣೆಗೆ ಮಳಿಗೆ ಇಟ್ಟಿತು. ಅಡಿಕೆ ಧಾರಣೆ ನೆಲ ಕಚ್ಚಿದ್ದಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ನಾವು ಕೇಳುತ್ತಿರುವುದು ಅಷ್ಟು ದೊಡ್ಡದನ್ನಲ್ಲ. ಗೋದಾಮಿನ ಒಂದು ಮೂಲೆಯಲ್ಲಿ ಅಳತೆ ನೋಡಿ ಕಟ್ಟು ಮಾಡುವ ಮೇಜು, ನೀರಿನ ತೊಟ್ಟಿ, ವಾರಕ್ಕೊಂದು ರಾತ್ರಿ ಹೊರಡುವ ವಾಹನದಲ್ಲಿ ಸ್ವಲ್ಪ ಜಾಗ, ಅಂಗಡಿಗಳಿಂದ ಮುಂಗಡ ಬೇಡಿಕೆ ಬರೆದುಕೊಳ್ಳುವ ಒಂದು ಪುಸ್ತಕ.

ಪಂಚಾಂಗವೇ ಈ ವ್ಯಾಪಾರದ ಕಾಲಸೂಚಿ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಬೇಡಿಕೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮೌನ. ಗುರು ಶುಕ್ರರ ಅಸ್ತ ಬಂದ ವರ್ಷ ಒಂದು ತಿಂಗಳಿಗೆ ತಿಂಗಳೇ ಮುಹೂರ್ತವಿರುವುದಿಲ್ಲ. ಇದನ್ನು ನೋಡದೆ ಗಿಡ ನೆಟ್ಟವರು ಕೊಯ್ಲಿನ ಕಾಲಕ್ಕೆ ಗಿರಾಕಿಯಿಲ್ಲದೆ ಕೂರಬೇಕಾಗುತ್ತದೆ.

ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. 2003ರ ಸುಮಾರಿಗೆ ವೆನಿಲ್ಲಾ ಬೆಲೆ ಗಗನಕ್ಕೇರಿದ್ದನ್ನೂ, ಬಳ್ಳಿಗೆ ಕಾವಲು ಕೂತದ್ದನ್ನೂ, ಒಂದೆರಡು ವರ್ಷದಲ್ಲಿ ಅದೇ ಬಳ್ಳಿ ಅನಾಥವಾದದ್ದನ್ನೂ ನಮ್ಮಲ್ಲಿ ಹಲವರು ಕಂಡಿದ್ದೇವೆ. ಹೂವಿನ ಸೊಪ್ಪು ಯಾರನ್ನೂ ಸಾಹುಕಾರನನ್ನಾಗಿ ಮಾಡದು. ಸಾಲ ಮಾಡಿ ನೆರಳುಮನೆ ಕಟ್ಟಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎಲೆಚುಕ್ಕೆ ರೋಗ, ಹಳದಿ ಎಲೆ ರೋಗಗಳಿಂದ ತೋಟದ ಆದಾಯ ಅಲುಗಾಡುತ್ತಿರುವ ಮನೆಗಳಲ್ಲಿ, ಹಿತ್ತಲನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳ ಕೈಗೆ, ಅವರದೇ ಹೆಸರಿನಲ್ಲಿ ಸ್ವಲ್ಪ ಹಣ ಬಂದರೆ ಅಷ್ಟೇ ಸಾಕು. ಆ ಹಣ ಸದಸ್ಯರ ಖಾತೆಗಲ್ಲ, ಬೆಳೆದವರ ಖಾತೆಗೇ ಜಮೆಯಾಗಬೇಕೆಂಬುದು ನನ್ನ ಸಲಹೆ.

ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂದು ಗಾದೆ. ನಾರಿಗೂ ಒಂದು ಬೆಲೆಯಿದೆ ಎಂಬುದನ್ನು ಗಾದೆ ಹೇಳದೆ ಬಿಟ್ಟಿತು, ಪೇಟೆ ಹೇಳುತ್ತಿದೆ. ಆಸಕ್ತಿಯುಳ್ಳ ಸದಸ್ಯರು ತಮ್ಮ ತೋಟದಲ್ಲಿ ಯಾವ ಬಗೆಯ ಎಲೆ, ಎಷ್ಟು ಗಿಡ, ಎಷ್ಟು ಉದ್ದದ ಕಡ್ಡಿ ಎಂಬುದನ್ನು ಮನೆಯ ಹೆಂಗಸರನ್ನೇ ಕೇಳಿ ಬರೆದು, ಆಷಾಢ ಕಳೆಯುವುದರೊಳಗೆ ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಕನಿಷ್ಠ ಇಪ್ಪತ್ತು ಮನೆಗಳು ಸೇರಿದರೆ ಮುಂದಿನ ಮಾಘಕ್ಕೆ ಮೊದಲ ಕಟ್ಟು ಕಳಿಸುವ ವಿಚಾರವನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ.

— ಕಾರ್ಯದರ್ಶಿ